ಮನಸ್ಸು ಮತ್ತು ವಯಸ್ಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಹದಿಹರೆಯದಿಂದ ಇಳಿವಯಸ್ಸಿನವರೆಗಿನ ಮನೋವಿಕಾಸವನ್ನು ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ. ಬರೆದವರಲ್ಲಿ ಕಿರಿಯರಿಗೆ 17 ವರ್ಷ, ಹಿರಿಯರಿಗೆ 68. ಹೀಗಿದ್ದರೂ ಎಲ್ಲ ಪತ್ರಗಳ ತಳದಲ್ಲಿ ಇರುವ ಆತಂಕ ಒಂದೇ: ಈಗ ಕಾಣುತ್ತಿರುವ ಸ್ಥಿತಿಯೇ ಕೊನೆಯವರೆಗೂ ಉಳಿದುಬಿಡುತ್ತದೆಯೇ? ಕಳೆದ ನೂರು ವರ್ಷಗಳಲ್ಲಿ ಮನೋವಿಜ್ಞಾನ ಕಂಡುಕೊಂಡದ್ದರಲ್ಲಿ ಬಹುಪಾಲು ಈ ಪ್ರಶ್ನೆಗೆ ‘ಇಲ್ಲ’ ಎಂದೇ ಉತ್ತರಿಸುತ್ತದೆ. ಆದರೆ ಯಾವುದು ತಾನಾಗಿ ಬದಲಾಗುತ್ತದೆ, ಯಾವುದಕ್ಕೆ ನಮ್ಮ ಪ್ರಯತ್ನ ಬೇಕು, ಯಾವುದಕ್ಕೆ ವೈದ್ಯರ ನೆರವು ಬೇಕು ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಎರಡು ವರ್ಷದ ಹಿಂದಿನವರೆಗೂ ಶಾಲೆಯಲ್ಲಿ ನಡೆದದ್ದನ್ನೆಲ್ಲ ಮನೆಗೆ ಬಂದ ಕೂಡಲೇ ಹೇಳುತ್ತಿದ್ದಳು. ಈಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸುತ್ತಾಳೆ, ಬಟ್ಟೆಯ ಬಗ್ಗೆಯೋ ಕೂದಲಿನ ಬಗ್ಗೆಯೋ ಏನಾದರೂ ಅಂದರೆ ಸಿಡುಕುತ್ತಾಳೆ. ಗೆಳತಿಯರ ಜೊತೆ ಮಾತ್ರ ಗಂಟೆಗಟ್ಟಲೆ ನಗುತ್ತಾ ಮಾತನಾಡುತ್ತಾಳೆ. ಅವಳಿಗೆ ತಿಳಿಯದಂತೆ ಅವಳ ಫೋನ್ ನೋಡಬೇಕೆಂದು ಯಜಮಾನರು ಹೇಳುತ್ತಿದ್ದಾರೆ. ಮಗಳು ನನ್ನ ಕೈತಪ್ಪಿ ಹೋದಳೇ?

ಉತ್ತರ: ಇಲ್ಲ, ತಾಯಿ. ನೀವು ವರ್ಣಿಸಿರುವುದು ಈ ವಯಸ್ಸಿನಲ್ಲಿ ಬಹಳ ಮನೆಗಳಲ್ಲಿ ಕಾಣುವ ಬದಲಾವಣೆ. ಅದರ ನೋವು ನಿಜವಾದದ್ದೇ. ಆದರೆ ಅದು ಮಗಳ ಪ್ರೀತಿ ಬತ್ತಿದ ಗುರುತಲ್ಲ.

ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಹದಿಹರೆಯವನ್ನು ಕುರಿತು ಎರಡು ಸಂಪುಟಗಳ ದೊಡ್ಡ ಗ್ರಂಥ ಬರೆದು, ಆ ವಯಸ್ಸನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿದರು. ಆ ಚಿತ್ರ ಜನರ ಮನಸ್ಸಿನಲ್ಲಿ ಇಂದಿಗೂ ಉಳಿದುಕೊಂಡಿದೆ. ನಂತರದ ಅಧ್ಯಯನಗಳು ತೋರಿಸಿದ್ದು ಅದಕ್ಕಿಂತ ಸೌಮ್ಯವಾದ ಚಿತ್ರವನ್ನು. ಹೆಚ್ಚಿನ ಹದಿಹರೆಯದವರು ತಂದೆತಾಯಿಯರನ್ನು ಒಳಗೊಳಗೆ ಗೌರವಿಸುತ್ತಾರೆ, ದೊಡ್ಡ ವಿಷಯಗಳಲ್ಲಿ ಅವರ ಮಾತನ್ನೇ ನೆಚ್ಚುತ್ತಾರೆ. ಜಗಳ ನಡೆಯುವುದು ಬಹುಪಾಲು ಬಟ್ಟೆ, ಕೋಣೆಯ ಶಿಸ್ತು, ಮನೆಗೆ ಬರುವ ಹೊತ್ತು ಇಂತಹ ದಿನನಿತ್ಯದ ಸಂಗತಿಗಳಿಗೆ. ಇಂತಹ ಜಗಳಗಳ ಸಂಖ್ಯೆ ಹದಿಹರೆಯದ ಆರಂಭದಲ್ಲೇ ಹೆಚ್ಚಾಗಿದ್ದು, ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಆದರೆ ಹದಿಹರೆಯದ ನಡುವಿನ ವರ್ಷಗಳಲ್ಲಿ ಒಂದೊಂದು ಜಗಳದ ಕಾವು ಮಾತ್ರ ಏರುತ್ತದೆ. ನೀವು ಈಗ ನಿಂತಿರುವುದು ಅದರ ಅಂಚಿನಲ್ಲಿ.

ಮಗಳ ಒಳಗೆ ನಡೆಯುತ್ತಿರುವುದೇನು ಎಂಬುದನ್ನು ಸ್ವಲ್ಪ ನೋಡೋಣ. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13ರ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ ಶಾರೀರಿಕ ಬದಲಾವಣೆಗಳು ಆರಂಭವಾಗುತ್ತವೆ. ಮಿದುಳಿನಲ್ಲಿ ಭಾವನೆ ಮತ್ತು ಸುಖದ ಬಯಕೆಗೆ ಸಂಬಂಧಿಸಿದ ಭಾಗಗಳು ಈ ಹೊತ್ತಿಗೆ ಚುರುಕಾಗುತ್ತವೆ. ಯೋಜನೆ ಮತ್ತು ಸಂಯಮಕ್ಕೆ ಬೇಕಾದ ಹಣೆಯ ಹಿಂದಿನ ಭಾಗ ಮಾಗುವುದು 20ರ ದಶಕದ ನಡುವಿನವರೆಗೂ ಮುಂದುವರಿಯುತ್ತದೆ. ಆದ್ದರಿಂದ ಬೇಸರವಾದ ಮರುಕ್ಷಣವೇ ಅದು ಮಾತಾಗಿ ಹೊರಬೀಳುತ್ತದೆ, ತಡೆಯುವ ಶಕ್ತಿ ತಡವಾಗಿ ಬರುತ್ತದೆ. ಇದರ ಜೊತೆಗೆ ಆಲೋಚನೆಯ ರೀತಿಯೂ ಬದಲಾಗುತ್ತದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿದಂತೆ, ಸುಮಾರು 11–12ನೇ ವರ್ಷದಿಂದ ಮಕ್ಕಳು ‘ಇರುವುದ’ರ ಜೊತೆಗೆ ‘ಇರಬಹುದಾದುದ’ನ್ನೂ ಯೋಚಿಸಬಲ್ಲವರಾಗುತ್ತಾರೆ. ನಿಮ್ಮ ಮಗಳು ಈಗ ಮೊದಲ ಬಾರಿಗೆ, ಮನೆಯ ನಿಯಮಗಳು ಬೇರೆ ರೀತಿಯಲ್ಲೂ ಇರಬಹುದಿತ್ತಲ್ಲ ಎಂದು ಯೋಚಿಸುತ್ತಿದ್ದಾಳೆ. ವಾದ ಮಾಡುವುದು ಆ ಹೊಸ ಸಾಮರ್ಥ್ಯದ ಅಭ್ಯಾಸ. ಬಟ್ಟೆಯ ಮಾತಿಗೆ ಅವಳು ಅಷ್ಟು ಸಿಡುಕುವುದಕ್ಕೂ ಕಾರಣವಿದೆ. ಎಲ್ಲರ ಕಣ್ಣೂ ತನ್ನ ಮೇಲೆಯೇ ಇದೆ, ತನ್ನ ಒಂದೊಂದು ಕೊರತೆಯನ್ನೂ ಜನ ಗಮನಿಸುತ್ತಿದ್ದಾರೆ ಎಂಬ ಭಾವನೆ ಈ ವಯಸ್ಸಿನಲ್ಲಿ ಬಲವಾಗಿರುತ್ತದೆ. ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು ‘ಕಲ್ಪಿತ ಪ್ರೇಕ್ಷಕರು’ ಎಂದು ಕರೆದರು. ನೀವು ಸಹಜವಾಗಿ ಆಡಿದ ಒಂದು ಮಾತು ಅವಳಿಗೆ ಇಡೀ ಸಭೆಯೇ ಆಡಿದಂತೆ ಕೇಳಿಸುತ್ತದೆ.

ಇನ್ನು ಫೋನಿನ ವಿಷಯ. ಸ್ವೀಡನ್ನಿನ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಮಗಳ ವಯಸ್ಸಿನ, ಅಂದರೆ 14 ವರ್ಷದ ಮಕ್ಕಳನ್ನೇ ಕುರಿತದ್ದು. ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಯಾರ ಜೊತೆ ಇರುತ್ತಾರೆ ಎಂಬುದನ್ನು ಚೆನ್ನಾಗಿ ಬಲ್ಲ ತಂದೆತಾಯಿಗಳ ಮಕ್ಕಳು ಕಡಿಮೆ ತೊಂದರೆಗೆ ಸಿಲುಕುತ್ತಾರೆ ಎಂಬುದು ಮೊದಲೇ ಗೊತ್ತಿತ್ತು. ಆ ತಿಳಿವಳಿಕೆ ತಂದೆತಾಯಿಗೆ ಎಲ್ಲಿಂದ ಬರುತ್ತದೆ ಎಂದು ಇವರಿಬ್ಬರೂ ವಿಚಾರಿಸಿದರು. ಮುಖ್ಯವಾಗಿ ಬರುತ್ತಿದ್ದದ್ದು ಮಕ್ಕಳು ತಾವಾಗಿಯೇ ಹೇಳಿಕೊಂಡದ್ದರಿಂದ. ಕಾವಲು ಮತ್ತು ವಿಚಾರಣೆಯಿಂದ ಬರುತ್ತಿದ್ದದ್ದು ಸ್ವಲ್ಪವೇ. ಹೀಗಿರುವಾಗ ಗುಟ್ಟಾಗಿ ಫೋನ್ ತೆರೆದು ಸಿಕ್ಕಿಬಿದ್ದರೆ, ಅವಳು ತಾನಾಗಿ ಹೇಳುವ ದಾರಿಯನ್ನೇ ನೀವು ಮುಚ್ಚಿದಂತಾಗುತ್ತದೆ. ಗುಟ್ಟಾಗಿ ನೋಡುವುದು ಬೇಡ ಎಂದೇ ನನ್ನ ಅಭಿಪ್ರಾಯ. ಫೋನ್ ಬಳಕೆಗೆ ನಿಯಮ ಇರಲಿ. ಯಾವ ಹೊತ್ತಿಗೆ ಫೋನ್ ಕೋಣೆಯ ಹೊರಗಿರಬೇಕು, ಅಪರಿಚಿತರೊಂದಿಗೆ ಏನನ್ನು ಹಂಚಿಕೊಳ್ಳಬಾರದು ಎಂಬುದನ್ನು ಅವಳ ಎದುರಿಗೆ, ಕಾರಣ ಹೇಳಿ ಗೊತ್ತುಮಾಡಿ. ಯಾರೋ ಬೆದರಿಸುತ್ತಿದ್ದಾರೆ ಎಂಬ ಬಲವಾದ ಅನುಮಾನ ಬಂದರೆ ನೋಡಲೇಬೇಕಾಗುತ್ತದೆ. ಆಗಲೂ ಅವಳಿಗೆ ತಿಳಿಸಿಯೇ ನೋಡಿ.

ಮಕ್ಕಳು ಹೇಳಿಕೊಳ್ಳುವುದು ಎದುರು ಕೂರಿಸಿ ಕೇಳಿದಾಗ ಕಡಿಮೆ. ಜೊತೆಯಲ್ಲಿ ಏನಾದರೂ ಕೆಲಸ ಮಾಡುತ್ತಿರುವಾಗ, ದಾರಿಯಲ್ಲಿ ಹೋಗುತ್ತಿರುವಾಗ, ಮಲಗುವ ಮುನ್ನ ದೀಪ ಆರಿಸಿದ ಮೇಲೆ ಹೆಚ್ಚು. ಅವಳು ಒಂದು ಮಾತು ಬಿಟ್ಟುಕೊಟ್ಟಾಗ ಅದರ ಮೇಲೆ ಉಪದೇಶ ಕಟ್ಟಬೇಡಿ. ಗೆಳತಿ ಮಾಡಿದ ತಪ್ಪನ್ನು ಹೇಳಿದಾಗ ಆ ಗೆಳತಿಯ ಸಹವಾಸ ಬಿಡು ಎಂದರೆ ಮುಂದಿನ ಸುದ್ದಿ ನಿಮಗೆ ಬರುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬದುಕಿನಲ್ಲಿ ಯಾವಾಗಲಾದರೂ ಕಾಣಿಸಿಕೊಳ್ಳುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು ಆರಂಭವಾಗುವುದು 14 ವರ್ಷ ತುಂಬುವ ಹೊತ್ತಿಗೆ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ತಿಳಿಸಿತು. ಆದ್ದರಿಂದ ಎಲ್ಲವನ್ನೂ ‘ವಯಸ್ಸಿನ ಗುಣ’ ಎಂದು ತಳ್ಳಿಹಾಕುವಂತೆಯೂ ಇಲ್ಲ. ಎರಡು ವಾರ ಮೀರಿದ ದುಗುಡ, ಗೆಳತಿಯರಿಂದಲೂ ದೂರ ಸರಿಯುವುದು, ನಿದ್ರೆ ಮತ್ತು ಊಟದಲ್ಲಿ ದೊಡ್ಡ ಏರುಪೇರು, ಓದಿನಲ್ಲಿ ಹಠಾತ್ ಕುಸಿತ, ಮೈಮೇಲೆ ಗಾಯದ ಗುರುತುಗಳು, ಸಾವಿನ ಮಾತು — ಇವುಗಳಲ್ಲಿ ಯಾವುದು ಕಂಡರೂ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು. ಗಾಯ ಅಥವಾ ಸಾವಿನ ಮಾತು ಇದ್ದರೆ ಅದೇ ದಿನ ಕಾಣಬೇಕು. ನಿಮ್ಮ ಮಗಳು ಗೆಳತಿಯರೊಂದಿಗೆ ನಗುತ್ತಿದ್ದಾಳೆ ಎಂದು ಬರೆದಿದ್ದೀರಿ. ಆ ಸಾಲನ್ನು ಓದಿ ನನಗೆ ಸಮಾಧಾನವಾಯಿತು.

ಪ್ರಶ್ನೆ: ನನಗೆ 17 ವರ್ಷ. ಒಬ್ಬನೇ ಇದ್ದಾಗ ಬೈಕನ್ನು ನಿಧಾನವಾಗಿಯೇ ಓಡಿಸುತ್ತೇನೆ. ಗೆಳೆಯರು ಜೊತೆಗಿದ್ದರೆ ನನಗೇ ಗೊತ್ತಾಗದಂತೆ ವೇಗ ಹೆಚ್ಚುತ್ತದೆ. ಆಮೇಲೆ ಭಯವಾಗುತ್ತದೆ. ಅವರು ಒತ್ತಾಯವನ್ನೂ ಮಾಡುವುದಿಲ್ಲ. ಇದು ನನ್ನ ದೌರ್ಬಲ್ಯವೇ?

ಉತ್ತರ: ನಿಮ್ಮನ್ನು ನೀವು ಇಷ್ಟು ಸ್ಪಷ್ಟವಾಗಿ ಗಮನಿಸಿಕೊಂಡು ಬರೆದಿರುವುದು ದೊಡ್ಡ ವಿಷಯ. ನೀವು ಹೇಳಿದ್ದನ್ನೇ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಯೋಗದಲ್ಲಿ ಕಂಡು 2005ರಲ್ಲಿ ವರದಿ ಮಾಡಿದರು. ಹದಿಹರೆಯದವರು, ತರುಣರು ಮತ್ತು 24 ದಾಟಿದವರಿಗೆ ಕಂಪ್ಯೂಟರಿನಲ್ಲಿ ವಾಹನ ಓಡಿಸುವ ಆಟವೊಂದನ್ನು ಕೊಟ್ಟು, ಕೆಲವರನ್ನು ಒಂಟಿಯಾಗಿಯೂ ಕೆಲವರನ್ನು ಓರಗೆಯವರ ಎದುರಿಗೂ ಆಡಿಸಲಾಯಿತು. ಹಿರಿಯರ ಆಟದಲ್ಲಿ ಹೆಚ್ಚು ವ್ಯತ್ಯಾಸವಾಗಲಿಲ್ಲ. ಹದಿಹರೆಯದವರು ಮಾತ್ರ ಓರಗೆಯವರು ನೋಡುತ್ತಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಮುಂದೆ ನಡೆದ ಮಿದುಳಿನ ಚಿತ್ರಣದ ಅಧ್ಯಯನದಲ್ಲಿ, ಗೆಳೆಯರು ನೋಡುತ್ತಿದ್ದಾರೆ ಎಂದು ತಿಳಿದಾಗ ಹದಿಹರೆಯದವರ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುವುದು ಕಂಡುಬಂತು. ಗೆಳೆಯರು ಬಾಯಿಬಿಟ್ಟು ಒತ್ತಾಯಿಸಬೇಕಾಗಿಯೇ ಇಲ್ಲ, ಅವರು ಇದ್ದರೆ ಸಾಕು.

ಆದ್ದರಿಂದ ಇದನ್ನು ದೌರ್ಬಲ್ಯವೆನ್ನಲಾರೆ. ಆದರೆ ಅಪಾಯವಂತೂ ಹೌದು, ಮತ್ತು ಅದರ ಹೊಣೆ ನಿಮ್ಮದೇ. ಆ ಕ್ಷಣದಲ್ಲಿ ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತೇನೆ ಎಂದು ನಂಬಿ ಕೂರಬೇಡಿ, ಏಕೆಂದರೆ ನಿಮ್ಮ ವಯಸ್ಸಿನಲ್ಲಿ ಸೋಲುವುದು ಆ ಕ್ಷಣದಲ್ಲಿಯೇ. ತೀರ್ಮಾನವನ್ನು ಮೊದಲೇ, ಒಬ್ಬರೇ ಇರುವಾಗ ಮಾಡಿ. ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವುದಿಲ್ಲ, ಗುಂಪಾಗಿ ಹೊರಡುವಾಗ ಬೈಕನ್ನು ಮನೆಯಲ್ಲೇ ಬಿಡುತ್ತೇನೆ ಎಂಬಂತಹ ನಿಯಮ ಕೆಲವು ವರ್ಷ ಇರಲಿ. ವಾಹನ ಓಡಿಸಲು ಕಾನೂನಿನ ಪ್ರಕಾರ ಬೇಕಾದ ವಯಸ್ಸು ಮತ್ತು ಪರವಾನಗಿ ಇಲ್ಲದಿದ್ದರೆ ಈ ಚರ್ಚೆಯೇ ಬೇಡ, ಬೈಕ್ ಮುಟ್ಟಬೇಡಿ. ರಾತ್ರಿ ನಿದ್ರೆಯನ್ನೂ ಗಮನಿಸಿಕೊಳ್ಳಿ. ನಿಮ್ಮ ವಯಸ್ಸಿಗೆ 8ರಿಂದ 10 ಗಂಟೆಯ ನಿದ್ರೆ ಬೇಕು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ತಿರುಗುವುದರಿಂದ ಬೇಗ ಮಲಗಿದರೂ ನಿದ್ರೆ ಬರುವುದು ಕಷ್ಟ, ಬೆಳಿಗ್ಗೆ ಮಾತ್ರ ಬೇಗ ಏಳಲೇಬೇಕು. ನಿದ್ರೆಗೆಟ್ಟ ಮಿದುಳಿನಲ್ಲಿ ಇರುವ ಸಂಯಮವೂ ಕುಂದುತ್ತದೆ.

ಪ್ರಶ್ನೆ: ನನಗೆ 24 ವರ್ಷ. ಒಂದು ಕೋರ್ಸನ್ನು ಅರ್ಧಕ್ಕೆ ಬಿಟ್ಟೆ, ಇನ್ನೊಂದನ್ನು ಮುಗಿಸಿ ಕೆಲಸಕ್ಕೆ ಸೇರಿದೆ, ಅದೂ ನನ್ನದಲ್ಲ ಎನಿಸಿ ಬಿಟ್ಟೆ. ಓರಗೆಯವರಲ್ಲಿ ಕೆಲವರಿಗೆ ಮದುವೆಯಾಗಿದೆ, ಕೆಲವರು ಮನೆ ಕೊಳ್ಳುವ ಮಾತಾಡುತ್ತಾರೆ. ನಾನು ಯಾರು, ನನಗೆ ಏನು ಬೇಕು ಎಂಬುದೇ ನನಗೆ ತಿಳಿದಿಲ್ಲ. ಈ ವಯಸ್ಸಿಗೆ ಇದೆಲ್ಲ ಮುಗಿದಿರಬೇಕಿತ್ತಲ್ಲವೇ?

ಉತ್ತರ: ‘ನಾನು ಯಾರು’ ಎಂಬ ಪ್ರಶ್ನೆಯನ್ನು ಮನೋವಿಕಾಸದ ಕೇಂದ್ರಕ್ಕೆ ತಂದವರು ಎರಿಕ್ ಎರಿಕ್ಸನ್. 1950ರಲ್ಲಿ ಅವರು ಇಡೀ ಬದುಕನ್ನು ಎಂಟು ಘಟ್ಟಗಳಾಗಿ ವಿವರಿಸಿ, ಹದಿಹರೆಯದ ಮುಖ್ಯ ಕೆಲಸ ತನ್ನತನವನ್ನು ಕಂಡುಕೊಳ್ಳುವುದು, ತಾರುಣ್ಯದ ಕೆಲಸ ಇನ್ನೊಬ್ಬರೊಂದಿಗೆ ಆಳವಾದ ಆಪ್ತತೆಯನ್ನು ಕಟ್ಟಿಕೊಳ್ಳುವುದು ಎಂದರು. ಅವರ ಸ್ವಂತ ಬದುಕು ನಿಮಗೆ ತಿಳಿದಿರಬೇಕು. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎರಿಕ್ಸನ್ ತಮ್ಮ ಜನ್ಮದಾತ ತಂದೆಯನ್ನು ಕಂಡವರಲ್ಲ. ಶಾಲೆ ಮುಗಿದ ಮೇಲೆ ವಿಶ್ವವಿದ್ಯಾಲಯದ ಪದವಿ ಪಡೆಯದೆ, ಚಿತ್ರಕಾರನಾಗುವ ಆಸೆಯಿಂದ ಯುರೋಪಿನಲ್ಲಿ ವರ್ಷಗಟ್ಟಲೆ ಅಲೆದರು. 1927ರಲ್ಲಿ ಒಬ್ಬ ಗೆಳೆಯ ವಿಯೆನ್ನಾದ ಪುಟ್ಟ ಶಾಲೆಯೊಂದರಲ್ಲಿ ಪಾಠ ಹೇಳಲು ಕರೆದಾಗಲೇ ಅವರಿಗೆ ತಮ್ಮ ದಾರಿ ಸಿಕ್ಕಿದ್ದು; ಅಲ್ಲಿ ಆನಾ ಫ್ರಾಯ್ಡ್ ಅವರ ಬಳಿ ಮನೋವಿಶ್ಲೇಷಣೆ ಕಲಿತರು. ಆಗ ಅವರಿಗೆ ನಿಮಗಿಂತ ಒಂದು ವರ್ಷ ಹೆಚ್ಚಾಗಿತ್ತು, ಅಷ್ಟೆ.

ಜೇಮ್ಸ್ ಮಾರ್ಷಿಯಾ 1966ರಲ್ಲಿ ಎರಿಕ್ಸನ್ನರ ವಿಚಾರವನ್ನು ಸಂದರ್ಶನಗಳ ಮೂಲಕ ಪರೀಕ್ಷಿಸಿದರು. ಅವರು ಕೇಳಿದ್ದು ಮುಖ್ಯವಾಗಿ ಎರಡು ಸಂಗತಿಗಳನ್ನು: ಈ ವ್ಯಕ್ತಿ ಬೇರೆ ಬೇರೆ ದಾರಿಗಳನ್ನು ಹುಡುಕಿ ನೋಡಿದ್ದಾನೆಯೇ, ಮತ್ತು ಒಂದು ದಾರಿಗೆ ತನ್ನನ್ನು ಒಪ್ಪಿಸಿಕೊಂಡಿದ್ದಾನೆಯೇ. ಹುಡುಕಾಟವೂ ಇಲ್ಲದೆ ಒಪ್ಪಿಕೊಳ್ಳುವಿಕೆಯೂ ಇಲ್ಲದೆ ತೇಲುವವರು ಕೆಲವರು. ಹಿರಿಯರು ತೋರಿಸಿದ ದಾರಿಯನ್ನು ಪ್ರಶ್ನಿಸದೆ ಹಿಡಿದವರು ಕೆಲವರು. ಹೊರಗಿನಿಂದ ನೋಡಿದರೆ ‘ಸೆಟಲ್’ ಆದವರಂತೆ ಕಾಣುವುದು ಇವರೇ. ಹುಡುಕುತ್ತಲೇ ಇದ್ದು ಇನ್ನೂ ಒಂದೆಡೆ ನಿಲ್ಲದವರು ಮೂರನೆಯವರು, ಹುಡುಕಿ ನಿಂತವರು ನಾಲ್ಕನೆಯವರು. ನಿಮ್ಮ ಪತ್ರ ಓದಿದರೆ ನೀವು ಮೂರನೆಯ ಸ್ಥಿತಿಯಲ್ಲಿದ್ದೀರಿ ಎನಿಸುತ್ತದೆ. ಅದು ಆತಂಕದ ಸ್ಥಿತಿ, ನಿಜ. ಆದರೆ ನಾಲ್ಕನೆಯದಕ್ಕೆ ಹೋಗುವ ದಾರಿಯೂ ಸಾಮಾನ್ಯವಾಗಿ ಅದರ ಮೂಲಕವೇ. ಮುಂದಿನ ಅಧ್ಯಯನಗಳು ತಾರುಣ್ಯಕ್ಕೆ ಕಾಲಿಟ್ಟವರಲ್ಲೂ ಬಹಳ ಮಂದಿ ಆ ನೆಲೆ ತಲುಪಿರುವುದಿಲ್ಲ ಎಂದು ತೋರಿಸಿವೆ. ತಲುಪಿದವರೂ ಕೆಲಸ ಹೋದಾಗ, ಸಂಬಂಧ ಮುರಿದಾಗ, ಮಕ್ಕಳಾದಾಗ ಮತ್ತೆ ಹುಡುಕಾಟಕ್ಕೆ ಇಳಿಯುತ್ತಾರೆ.

ನಿಮ್ಮನ್ನು ಹೆಚ್ಚು ಹಿಂಸಿಸುತ್ತಿರುವುದು ಹೋಲಿಕೆ. ಯಾವ ವಯಸ್ಸಿಗೆ ಏನಾಗಬೇಕು ಎಂದು ಪ್ರತಿ ಸಮಾಜವೂ ಒಂದು ಗಡಿಯಾರವನ್ನು ಇಟ್ಟುಕೊಂಡಿರುತ್ತದೆ ಎಂದು ಬರ್ನೀಸ್ ನ್ಯೂಗಾರ್ಟನ್ 1960ರ ದಶಕದಲ್ಲಿಯೇ ಹೇಳಿದ್ದರು. ಆ ಗಡಿಯಾರ ಪ್ರಕೃತಿ ಕೊಟ್ಟದ್ದಲ್ಲ, ತಲೆಮಾರಿನಿಂದ ತಲೆಮಾರಿಗೆ ಅದರ ಮುಳ್ಳು ಸರಿಯುತ್ತದೆ. ಓದಿನ ಅವಧಿ ಹೆಚ್ಚಿ, ಮದುವೆ ಮತ್ತು ಸ್ಥಿರ ಉದ್ಯೋಗ ತಡವಾದ ಸಮಾಜಗಳಲ್ಲಿ 18ರಿಂದ 25ರವರೆಗಿನ ಅವಧಿಯನ್ನು ಪ್ರತ್ಯೇಕ ಘಟ್ಟವೆಂದೇ ಕಾಣಬೇಕೆಂದು ಜೆಫ್ರಿ ಆರ್ನೆಟ್ 2000ದಲ್ಲಿ ವಾದಿಸಿದರು. ಈ ವಾದಕ್ಕೆ ಆಕ್ಷೇಪವೂ ಇದೆ, ಮತ್ತು ಆ ಆಕ್ಷೇಪ ನ್ಯಾಯವಾದದ್ದು: ಹುಡುಕಾಡಲು ಪುರಸೊತ್ತು ಇರುವುದು ಮನೆಯ ಆಸರೆ ಇರುವವರಿಗೆ, 18ಕ್ಕೇ ದುಡಿಮೆಗೆ ಇಳಿಯಬೇಕಾದವರಿಗೆ ಈ ಘಟ್ಟ ದೊರಕುವುದೇ ಇಲ್ಲ. ನಿಮಗೆ ಆ ಆಸರೆ ಇದ್ದರೆ ಅದನ್ನು ಚೆನ್ನಾಗಿ ಬಳಸಿಕೊಳ್ಳಿ. ಕೋಣೆಯಲ್ಲಿ ಕುಳಿತು ಯೋಚಿಸಿದರೆ ತನ್ನತನ ತಿಳಿಯುವುದಿಲ್ಲ. ಒಂದು ಕೆಲಸವನ್ನು ಆರಿಸಿ, ಅದರಲ್ಲಿ ಎಷ್ಟು ಕಾಲ ಇರುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಆ ಅವಧಿ ಮುಗಿಯುವವರೆಗೆ ಪೂರ್ಣ ಮನಸ್ಸಿನಿಂದ ಮಾಡಿ ನೋಡಿ. ಬಿಡುವಾಗ, ಕೆಲಸದ ಯಾವ ಅಂಶ ಒಗ್ಗಲಿಲ್ಲ, ಯಾವುದು ಹಿಡಿಸಿತು ಎಂದು ಬರೆದಿಡಿ. ಹಿಂದೆ ಬಿಟ್ಟ ಎರಡರ ಬಗ್ಗೆಯೂ ಇಂದೇ ಹೀಗೆ ಬರೆಯಬಹುದು.

ಪ್ರಶ್ನೆ: ನನಗೆ 33 ವರ್ಷ. ಮುಂಗೋಪ ನನ್ನ ಸ್ವಭಾವ. ಆಮೇಲೆ ಪಶ್ಚಾತ್ತಾಪ ಪಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಮನೆಯವರೆಲ್ಲ ಹೇಳುತ್ತಾರೆ. ಈ ವಯಸ್ಸಿನಲ್ಲಿ ಸ್ವಭಾವ ಬದಲಾಗುವುದು ಸಾಧ್ಯವೇ?

ಉತ್ತರ: ಸಾಧ್ಯ. ಗಾದೆಯಲ್ಲಿ ಅರ್ಧ ಸತ್ಯವಿದೆ. ಸ್ವಭಾವದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಗಣನೀಯ ಭಾಗ ಅನುವಂಶೀಯವೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಆದರೆ ಅನುವಂಶೀಯವಾದದ್ದು ಅಚಲವಾಗಿರಬೇಕೆಂದಿಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು, ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಗುಂಪುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ಜನ ಸರಾಸರಿಯಾಗಿ ಹೆಚ್ಚು ಹೊಣೆಗಾರರೂ ಭಾವನೆಯಲ್ಲಿ ಹೆಚ್ಚು ಸ್ಥಿರರೂ ಆಗುತ್ತಾರೆ. ಈ ಬದಲಾವಣೆ ಹೆಚ್ಚಾಗಿ ನಡೆಯುವುದು ಬಾಲ್ಯದಲ್ಲಲ್ಲ, 20ರಿಂದ 40ರ ನಡುವೆ. ನೀವು ಆ ಅವಧಿಯ ಒಳಗೇ ಇದ್ದೀರಿ. ಇದೇ ಸಂಶೋಧಕರು ಮುಂದೆ, ಕೆಲವು ತಿಂಗಳ ಮನೋಚಿಕಿತ್ಸೆಯಿಂದಲೂ ಸ್ವಭಾವದಲ್ಲಿ ಅಳೆಯಬಹುದಾದ ಬದಲಾವಣೆ ಆಗುತ್ತದೆಂದು, ಅದರಲ್ಲೂ ಭಾವನಾತ್ಮಕ ಸ್ಥಿರತೆ ಹೆಚ್ಚುತ್ತದೆಂದು ತೋರಿಸಿದರು.

ಹಾಗಿದ್ದರೂ ನಾವು ಬದಲಾಗಲಾರೆವು ಎಂದು ನಮಗೇ ಏಕೆ ಅನಿಸುತ್ತದೆ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಬದಲಾದಿರಿ, ಮುಂದಿನ ಹತ್ತು ವರ್ಷಗಳಲ್ಲಿ ಎಷ್ಟು ಬದಲಾಗುವಿರಿ ಎಂದು ಕೇಳಲಾಯಿತು. ಎಲ್ಲ ವಯಸ್ಸಿನವರೂ ಹಿಂದೆ ಬಹಳ ಬದಲಾಗಿದ್ದೇವೆ, ಮುಂದೆ ಅಷ್ಟಾಗಿ ಬದಲಾಗುವುದಿಲ್ಲ ಎಂದೇ ಭಾವಿಸಿದ್ದರು. ನಿಮ್ಮ ಮನೆಯವರು ನಿಮ್ಮ ಬಗ್ಗೆ ಹೇಳುತ್ತಿರುವುದು, ನೀವೂ ನಂಬತೊಡಗಿರುವುದು ಇದನ್ನೇ. ಕೋಪ ಬರುವ ಮುನ್ನ ನಿಮ್ಮ ದೇಹದಲ್ಲಿ ಏನಾಗುತ್ತದೆ ಎಂದು ಕೆಲವು ವಾರ ಗಮನಿಸಿ, ದಿನದ ಯಾವ ಹೊತ್ತಿನಲ್ಲಿ, ಯಾವ ಮಾತಿಗೆ ಎಂದು ಟಿಪ್ಪಣಿ ಮಾಡಿ, ಅದನ್ನು ಹಿಡಿದುಕೊಂಡು ಆಪ್ತಸಮಾಲೋಚಕರ ಬಳಿ ಹೋಗಿ. ಹೋಗುವುದನ್ನು ಮುಂದೂಡಬೇಡಿ.

ಪ್ರಶ್ನೆ: ನನಗೆ 47 ವರ್ಷ. ಕೆಲಸ, ಮನೆ, ಮಕ್ಕಳು ಎಲ್ಲ ಇದ್ದೂ ಒಳಗೆ ಖಾಲಿ ಎನಿಸುತ್ತದೆ. ಒಂದೆಡೆ ಮಕ್ಕಳ ಓದು, ಇನ್ನೊಂದೆಡೆ ತಂದೆಯ ಆರೋಗ್ಯ. ಇದು ನಡುವಯಸ್ಸಿನ ಬಿಕ್ಕಟ್ಟು, ಎಲ್ಲರಿಗೂ ಬರುತ್ತದೆ, ತಾನೇ ಹೋಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಎಲ್ಲರಿಗೂ ಬರುವುದಿಲ್ಲ. ನಡುವಯಸ್ಸಿನ ಬಿಕ್ಕಟ್ಟು ಎಂಬ ಮಾತನ್ನು ಬಳಕೆಗೆ ತಂದವರು ಎಲಿಯಟ್ ಜಾಕ್ಸ್, 1965ರಲ್ಲಿ. ಅವರು ನೋಡಿದ್ದು ಹೆಚ್ಚಾಗಿ ಕಲಾವಿದರ ಜೀವನಚರಿತ್ರೆಗಳನ್ನು. ಮುಂದೆ ಅಮೆರಿಕದಲ್ಲಿ ಸಾಮಾನ್ಯ ಜನರನ್ನೇ ಕೇಳಿ ನೋಡಿದಾಗ ಅಂತಹ ಬಿಕ್ಕಟ್ಟು ತಮಗೆ ಬಂದಿತ್ತು ಎಂದವರು ಸುಮಾರು ಕಾಲುಭಾಗ ಮಾತ್ರ. ಅವರಲ್ಲಿಯೂ ಅನೇಕರು ವಿವರಿಸಿದ್ದು ಕೆಲಸ ಹೋದದ್ದು, ವಿಚ್ಛೇದನ, ಆಪ್ತರ ಸಾವು ಇಂತಹ ಘಟನೆಗಳನ್ನು. ಇವು ಯಾವ ವಯಸ್ಸಿನಲ್ಲಿ ಬಂದರೂ ಮನುಷ್ಯನನ್ನು ಅಲುಗಿಸುತ್ತವೆ.

ಆದ್ದರಿಂದ ‘ಎಲ್ಲರಿಗೂ ಬರುತ್ತದೆ’ ಎಂಬ ಸಮಾಧಾನವನ್ನು ನಾನು ನಿಮಗೆ ಹೇಳಲಾರೆ, ಅದು ನಿಮ್ಮ ಸಂಕಟವನ್ನು ಕೇಳದೆಯೇ ಮುಚ್ಚಿಹಾಕುತ್ತದೆ. ಮೊದಲು ವೈದ್ಯರನ್ನು ಕಾಣಿ. ಖಿನ್ನತೆಯೂ ಥೈರಾಯ್ಡ್ ಕೊರತೆಯೂ ಹೀಗೆ ಖಾಲಿತನದ, ದಣಿವಿನ ರೂಪದಲ್ಲಿ ಬರುತ್ತವೆ, ಎರಡಕ್ಕೂ ಚಿಕಿತ್ಸೆಯಿದೆ. ಮಹಿಳೆಯರಾದರೆ ಋತುಬಂಧದ ಆಸುಪಾಸಿನ ಬದಲಾವಣೆಗಳನ್ನೂ ಇದಕ್ಕೆ ಸೇರಿಸಬೇಕು. ಕಾಯಿಲೆ ಇಲ್ಲವೆಂದಾದರೆ ಉಳಿಯುವ ಪ್ರಶ್ನೆ ಎರಿಕ್ಸನ್ ಹೇಳಿದ ಏಳನೆಯ ಘಟ್ಟದ್ದು: ಮುಂದಿನ ತಲೆಮಾರಿಗಾಗಿ ಏನನ್ನಾದರೂ ಬೆಳೆಸುವುದು, ಇಲ್ಲವೇ ತನ್ನಲ್ಲೇ ನಿಂತುಹೋಗುವುದು. ಮಕ್ಕಳನ್ನು ಸಾಕುವುದು ಇದರ ಒಂದು ರೂಪ. ಕಿರಿಯ ಸಹೋದ್ಯೋಗಿಗೆ ಕೆಲಸ ಕಲಿಸುವುದೂ ಇದೇ. ನೀವು ಬಹಳ ಜನಕ್ಕೆ ಬಹಳ ಕೊಡುತ್ತಿದ್ದೀರಿ, ಆದರೆ ಅದೆಲ್ಲ ಕರ್ತವ್ಯವಾಗಿ ಮಾತ್ರ ಉಳಿದಿರುವಂತೆ ತೋರುತ್ತದೆ. ಆ ಹೊಣೆಗಳಲ್ಲಿ ಒಂದನ್ನಾದರೂ ಒಡಹುಟ್ಟಿದವರೊಂದಿಗೋ ಸಂಗಾತಿಯೊಂದಿಗೋ ಹಂಚಿಕೊಂಡು, ಉಳಿದ ಸಮಯವನ್ನು ನಿಮ್ಮ ಹಳೆಯ ಗೆಳೆಯರಿಗೆ ಕೊಡಿ. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಅಧ್ಯಯನವೊಂದರಲ್ಲಿ, 50ರ ವಯಸ್ಸಿನಲ್ಲಿ ತಮ್ಮ ಸಂಬಂಧಗಳ ಬಗ್ಗೆ ಹೆಚ್ಚು ತೃಪ್ತರಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರು. ಮೊದಲು ಅದರಲ್ಲಿದ್ದವರು ಗಂಡಸರು ಮಾತ್ರ ಎಂಬ ಮಿತಿ ಅದಕ್ಕಿದೆ. ಹಾಗಿದ್ದರೂ ಗೆಳೆತನವನ್ನು ನಡುವಯಸ್ಸಿನಲ್ಲಿ ಮೊದಲು ಕೈಬಿಡುವವರು ಗಂಡಸರೇ ಆಗಿರುವುದರಿಂದ ಈ ಮಾತು ಅವರಿಗೆ ಹೆಚ್ಚು ಸಲ್ಲುತ್ತದೆ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಶಿಕ್ಷಕಿ. ಪರಿಚಿತರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಹೊರಗೆ ಬರುವುದಿಲ್ಲ. ಸಮಾರಂಭಗಳಿಗೆ ಹೋಗುವ ಮನಸ್ಸಾಗುವುದಿಲ್ಲ, ನಾಲ್ಕಾರು ಆಪ್ತರ ಜೊತೆ ಇದ್ದರೆ ಸಾಕು ಎನಿಸುತ್ತದೆ. ಹಾಗೆ ನೋಡಿದರೆ ಮನಸ್ಸು ಮೊದಲಿಗಿಂತ ಶಾಂತವಾಗಿದೆ. ಮಕ್ಕಳು ಮಾತ್ರ ಅಮ್ಮನಿಗೆ ಮರೆಗುಳಿತನ ಶುರುವಾಯಿತು, ಮಂಕಾಗುತ್ತಿದ್ದಾರೆ ಎಂದು ಹೆದರಿದ್ದಾರೆ.

ಉತ್ತರ: ನಿಮ್ಮ ಪತ್ರವೇ ಅವರ ಹೆದರಿಕೆಗೆ ಒಳ್ಳೆಯ ಉತ್ತರ, ಅಷ್ಟು ಅಚ್ಚುಕಟ್ಟಾಗಿದೆ. ಬುದ್ಧಿಶಕ್ತಿಯನ್ನು ಒಂದೇ ವಸ್ತುವೆಂದು ಕಂಡಾಗ ಈ ಭಯ ಹುಟ್ಟುತ್ತದೆ. ರೇಮಂಡ್ ಕ್ಯಾಟೆಲ್, ಮತ್ತು ನಂತರ ಜಾನ್ ಹಾರ್ನ್, ಅದರಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಹೊಸ ಸಮಸ್ಯೆಯನ್ನು ಬೇಗ ಬಿಡಿಸುವ ಶಕ್ತಿ ಒಂದು. ಇದರ ವೇಗ ತಾರುಣ್ಯದಿಂದಲೇ ನಿಧಾನವಾಗಿ ಇಳಿಯುತ್ತಾ ಬರುತ್ತದೆ. ಅನುಭವದಿಂದ ಕೂಡಿಬಂದ ತಿಳಿವು, ಶಬ್ದಸಂಪತ್ತು, ವಿವೇಚನೆ ಇನ್ನೊಂದು. ಇದು 60ರ ದಶಕದವರೆಗೂ ಉಳಿಯುತ್ತದೆ, ಹಲವರಲ್ಲಿ ಬೆಳೆಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶೈ 1956ರಲ್ಲಿ ಆರಂಭಿಸಿ, ಏಳು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಬಂದ ಅಧ್ಯಯನದಲ್ಲಿ ಹೆಚ್ಚಿನವರ ಸಾಮರ್ಥ್ಯಗಳಲ್ಲಿ 60ಕ್ಕೆ ಮುನ್ನ ದೊಡ್ಡ ಕುಸಿತ ಕಾಣಲಿಲ್ಲ. ನಂತರವೂ ಒಬ್ಬರಿಗೂ ಇನ್ನೊಬ್ಬರಿಗೂ ಅಪಾರ ಅಂತರವಿತ್ತು. ಹೆಸರುಗಳು ಮೊದಲು ಕೈಕೊಡುವುದು ಸಹಜ, ಏಕೆಂದರೆ ವ್ಯಕ್ತಿಯ ಹೆಸರಿಗೂ ವ್ಯಕ್ತಿಗೂ ಅರ್ಥದ ನಂಟು ಇರುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಆ ಹೆಸರು ತಾನೇ ನೆನಪಾಗುತ್ತಿದ್ದರೆ ಅದು ವಯಸ್ಸಿನ ನಿಧಾನ, ಕಾಯಿಲೆಯಲ್ಲ.

ಗೆಳೆಯರ ವಲಯ ಕಿರಿದಾದದ್ದರ ಬಗ್ಗೆಯೂ ಮಕ್ಕಳಿಗೆ ತಿಳಿಸಿ ಹೇಳಬೇಕು. ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್ಸ್ಟೆನ್ಸನ್ ಅವರು ತೋರಿಸಿದಂತೆ, ಮುಂದೆ ಉಳಿದಿರುವ ಕಾಲ ಮಿತವಾದುದು ಎಂಬ ಅರಿವು ಬಂದಾಗ ಜನ ಹೊಸ ಪರಿಚಯಗಳನ್ನು ಬಿಟ್ಟು, ಭಾವನೆಗೆ ಹತ್ತಿರವಾದ ಕೆಲವರನ್ನೇ ಆರಿಸಿಕೊಳ್ಳುತ್ತಾರೆ. ಗಂಭೀರ ಕಾಯಿಲೆಯಿರುವ ತರುಣರಲ್ಲಿಯೂ ಇದೇ ಒಲವು ಕಂಡದ್ದರಿಂದ, ಇದು ಮುಪ್ಪಿನ ಮಂಕಲ್ಲ, ಆಯ್ಕೆ ಎಂದು ತಿಳಿಯುತ್ತದೆ. ಹಿರಿಯರು ಕಹಿ ಸಂಗತಿಗಳಿಗಿಂತ ಹಿತವಾದವುಗಳನ್ನೇ ಹೆಚ್ಚು ಗಮನಿಸುತ್ತಾರೆ, ನೆನಪಿಡುತ್ತಾರೆ ಎಂಬುದೂ ಅವರ ತಂಡದ ಸಂಶೋಧನೆಯಲ್ಲಿ ಕಂಡುಬಂದಿದೆ. ನೀವು ಬರೆದ ಶಾಂತತೆ ಇದೇ ಇರಬಹುದು.

ಸಾಮರ್ಥ್ಯ ಇಳಿಯುವಾಗ ಬದುಕನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದಕ್ಕೆ ಜರ್ಮನಿಯ ಪಾಲ್ ಬಾಲ್ಟೆಸ್ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. 80ರ ವಯಸ್ಸಿನಲ್ಲೂ ಹೇಗೆ ನುಡಿಸುತ್ತೀರಿ ಎಂದು ಕೇಳಿದಾಗ ಆತ ಹೇಳಿದ್ದು ಮೂರು ಸಂಗತಿಗಳನ್ನು: ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುತ್ತೇನೆ, ಅವುಗಳನ್ನೇ ಹೆಚ್ಚು ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮುನ್ನ ಸ್ವಲ್ಪ ನಿಧಾನಿಸುತ್ತೇನೆ, ಆಗ ಮುಂದಿನದು ವೇಗವಾಗಿ ಕೇಳಿಸುತ್ತದೆ. ನೀವು ಸಮಾರಂಭಗಳನ್ನು ಬಿಟ್ಟು ನಾಲ್ಕು ಆಪ್ತರನ್ನು ಉಳಿಸಿಕೊಂಡದ್ದು ಇದರಲ್ಲಿ ಮೊದಲನೆಯದು. ಹೆಸರುಗಳನ್ನು ಬರೆದಿಟ್ಟುಕೊಂಡು ಹೊರಡುವ ಮುನ್ನ ಒಮ್ಮೆ ಕಣ್ಣಾಡಿಸುವುದು ಮೂರನೆಯದಾಗುತ್ತದೆ.

ವೈದ್ಯರನ್ನು ಯಾವಾಗ ಕಾಣಬೇಕು ಎಂಬುದನ್ನೂ ಮಕ್ಕಳಿಗೆ ಓದಿ ಹೇಳಿ: ಚಿರಪರಿಚಿತ ದಾರಿಯಲ್ಲಿ ತಪ್ಪಿಸಿಕೊಂಡರೆ, ಕೇಳಿದ್ದನ್ನೇ ಅದೇ ದಿನ ಮತ್ತೆ ಮತ್ತೆ ಕೇಳಿದರೆ, ವರ್ಷಗಳಿಂದ ಮಾಡಿದ ಹಣಕಾಸಿನ ಲೆಕ್ಕ ಅಥವಾ ಅಡುಗೆಯ ಕ್ರಮ ಗೊಂದಲವಾದರೆ, ಸ್ವಭಾವ ಹಠಾತ್ತಾಗಿ ಬದಲಾದರೆ ತಡಮಾಡಬಾರದು. ಇವೊಂದೂ ಇಲ್ಲದಿದ್ದರೂ ಒಮ್ಮೆ ಬಿ-12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ನಿದ್ರೆಯ ಮತ್ತು ಅಲರ್ಜಿಯ ಕೆಲವು ಔಷಧಿಗಳು ನೆನಪನ್ನು ಮಂಕಾಗಿಸುತ್ತವೆ. ಕಿವಿಯನ್ನೂ ಪರೀಕ್ಷಿಸಿಕೊಳ್ಳಿ. ಹೆಸರು ಸರಿಯಾಗಿ ಕೇಳಿಸದಿದ್ದರೆ ಅದು ನೆನಪಿಗೆ ಹೋಗುವುದೇ ಇಲ್ಲ, ಗದ್ದಲದ ಸಮಾರಂಭಗಳು ಬೇಸರ ತರಿಸಲು ಎಷ್ಟೋ ಬಾರಿ ಅದೂ ಒಂದು ಕಾರಣವಾಗಿರುತ್ತದೆ. ಶ್ರವಣ ಸಾಧನ ಬೇಕೆಂದು ವೈದ್ಯರು ಹೇಳಿದರೆ ಸಂಕೋಚಪಡದೆ ಹಾಕಿಕೊಳ್ಳಿ.